ಕಿರುತೆರೆಯಲ್ಲಿ ದಂಡು ಎಲ್ಲಿದೆ?

ಪರೀಕ್ಷೆ ಹತ್ತಿರ ಬಂದರೆ ಟಿ.ವಿ.ಗೆ ಬಟ್ಟೆ ಹೊದಿಸಿಡುವ ಕಾಲವೊಂದಿತ್ತು. ಈಗ ಪರದೆ ಮಕ್ಕಳ ಜೇಬಿಗೇ ಬಂದು ಕೂತಿದೆ. ಹೊದಿಸಲು ಎಷ್ಟು ಬಟ್ಟೆ ತಂದರೂ ಸಾಲದು. ಹಾಗಾಗಿ ಅಪ್ಪ ಅಮ್ಮಂದಿರ ಪ್ರಶ್ನೆಯೂ ಬದಲಾಗಬೇಕು. ನೋಡಬೇಕೇ ಬೇಡವೇ ಎಂಬುದು ಹಳೆಯ ಮಾತು. ಏನನ್ನು ನೋಡಬೇಕು, ಯಾವ ಭಾಷೆಯಲ್ಲಿ ನೋಡಬೇಕು ಎಂಬುದು ಈಗಿನ ಮಾತು.

ಶಿವಾಜಿನಗರ, ಹಲಸೂರು, ಕೃಷ್ಣರಾಜಪುರದ ಕಡೆ ಈ ಮಾತಿಗೆ ತೂಕ ಹೆಚ್ಚು. ಒಂದೇ ವಠಾರದಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಕೇಳಿಬರುವ ಪ್ರದೇಶವಿದು. ದಂಡು ಮತ್ತು ಪೇಟೆ 1949ರಲ್ಲೇ ಒಂದು ನಗರಪಾಲಿಕೆಯೊಳಗೆ ಸೇರಿದವು. ಆದರೆ ಕನ್ನಡ ಧಾರಾವಾಹಿಯ ಕ್ಯಾಮೆರಾ ಮಾತ್ರ ಅಪರೂಪಕ್ಕಷ್ಟೇ ಪೇಟೆ ದಾಟಿ ಈ ಕಡೆ ಬರುತ್ತದೆ. ಬಂದರೂ ನಗಿಸಲು ಬರುತ್ತದೆ, ಕತೆ ಕೇಳಲು ಅಲ್ಲ.

ಹಾಗೆ ಬಂದದ್ದು ಪನ್ನಗ ಭರಣ ನಿರ್ದೇಶನದ ‘ಫ್ರೆಂಚ್ ಬಿರಿಯಾನಿ’. ಚಿತ್ರಮಂದಿರಗಳು ಮುಚ್ಚಿದ್ದ 2020ರ ಜುಲೈ 24ರಂದು ಅಮೆಜಾನ್ ಪ್ರೈಮ್ ಮೂಲಕ ನೇರ ಮನೆಗೇ ಬಂದ ಸಿನಿಮಾ ಇದು. ಶಿವಾಜಿನಗರದ ಆಟೋ ಚಾಲಕ ಅಸ್ಗರ್ ಆಗಿ ದಾನಿಶ್ ಸೇಠ್. ಊರಿಗೆ ಹೊಸಬನಾದ ಫ್ರೆಂಚ್ ಪ್ರಜೆಯೊಬ್ಬ ಅವನ ಆಟೋ ಹತ್ತಿದ ಮೇಲಿನ ಪೇಚಾಟವೇ ಕತೆ. ಉರ್ದುವಿನ ವಾಸನೆಯಿರುವ ಕನ್ನಡವನ್ನು ಗೇಲಿ ಮಾಡದೆ, ಅದೂ ಬೆಂಗಳೂರಿನ ಒಂದು ಕನ್ನಡವೇ ಎಂದು ಒಪ್ಪಿಕೊಂಡದ್ದು ಚಿತ್ರದ ದೊಡ್ಡ ಗುಣ. ಆದರೆ ನಗಿಸುವ ಆತುರದಲ್ಲಿ ಪಾತ್ರಗಳ ಬದುಕು ಹಿಂದೆ ಸರಿಯುತ್ತದೆ. ಮಾತು ನೆನಪಿನಲ್ಲಿ ಉಳಿಯುತ್ತದೆ, ಮನುಷ್ಯರು ಅಷ್ಟಾಗಿ ಉಳಿಯುವುದಿಲ್ಲ.

ಅದೇ ವರ್ಷ ಲಾಕ್‌ಡೌನ್‌ನಲ್ಲಿ ಇದೇ ನಟ ಮೊಬೈಲ್‌ನಲ್ಲಿ ಹರಿಯಬಿಟ್ಟ ಪುಟ್ಟ ಪ್ರಹಸನಗಳಲ್ಲಿ ಹಾಸ್ಯ ಇನ್ನೂ ಬಿಗಿಯಾಗಿತ್ತು. ಎಲ್ಲ ಪಾತ್ರಗಳೂ ಒಬ್ಬನೇ, ವೇಷವಿಲ್ಲ, ಸೆಟ್ಟಿಲ್ಲ. ದನಿ ಬದಲಿಸಿದರೆ ಮನುಷ್ಯ ಬದಲಾದ. ಕಾಲೇಜು ವಾರ್ಷಿಕೋತ್ಸವಕ್ಕೆ ನಾಟಕ ಬರೆಯುವ ಹುಡುಗರಿಗೆ ಇದೊಂದು ಪಾಠ: ನಗೆ ಹುಟ್ಟುವುದು ಪಕ್ಕದ ಮನೆಯ ಮಾತನ್ನು ಕಿವಿಗೊಟ್ಟು ಕೇಳಿದಾಗ. 2022ರ ಜನವರಿಯಲ್ಲಿ ಬಂದ ‘ಹಂಬಲ್ ಪೊಲಿಟಿಷಿಯನ್ ನೋಗರಾಜ್’ ಸರಣಿಯ ವಿಷಯ ಬೇರೆ. ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಡುವ ರಾಜಕೀಯವನ್ನು ಅದು ಚೆನ್ನಾಗಿಯೇ ಚುಚ್ಚುತ್ತದೆ. ಆದರೆ ಅದರ ಬೈಗುಳಗಳು ಹೈಸ್ಕೂಲಿನ ಮಕ್ಕಳ ಜೊತೆ ಕೂತು ನೋಡುವಂಥವಲ್ಲ.

ಮನೆಮಂದಿಯೆಲ್ಲ ಒಟ್ಟಿಗೆ ನೋಡಬಹುದಾದದ್ದು ‘ವೈಲ್ಡ್ ಕರ್ನಾಟಕ’. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ ಈ ಸಾಕ್ಷ್ಯಚಿತ್ರಕ್ಕೆ ಮೊದಲು ದನಿ ಕೊಟ್ಟವರು ಡೇವಿಡ್ ಅಟೆನ್‌ಬರೋ. 2020ರ ಪರಿಸರ ದಿನದಂದು ಡಿಸ್ಕವರಿಯಲ್ಲಿ ಬಂದಾಗ ಕನ್ನಡದಲ್ಲಿ ರಿಷಬ್ ಶೆಟ್ಟಿ, ತಮಿಳು ತೆಲುಗುಗಳಲ್ಲಿ ಪ್ರಕಾಶ್ ರೈ ನಿರೂಪಿಸಿದರು. ಹಲಸೂರಿನ ಒಂದೇ ಬೀದಿಯ ಮೂರು ಮನೆಗಳು ಒಂದೇ ಕಾಡನ್ನು ಮೂರು ಭಾಷೆಯಲ್ಲಿ ನೋಡಬಹುದಾಗಿತ್ತು. ಹುಲಿ, ಆನೆ, ಕಾಳಿಂಗಗಳನ್ನು ಪರದೇಶದ ಅದ್ಭುತಗಳಂತಲ್ಲ, ನಮ್ಮ ನೆರೆಯವರಂತೆ ತೋರಿಸಿದ್ದು ಇದರ ಹೆಚ್ಚುಗಾರಿಕೆ. ಕಾಡಂಚಿನ ಜನರ ಮಾತು ಕೇಳಿಸದಿರುವುದು ಕೊರತೆ. ವಿಜ್ಞಾನವನ್ನು ಕನ್ನಡದಲ್ಲಿ ಓದುವ ಮಗುವಿಗೆ ತನ್ನ ಭಾಷೆಯಲ್ಲೂ ಇಷ್ಟು ಸೊಗಸಾಗಿ ವಿವರಿಸಬಹುದು ಎಂದು ತಿಳಿಯುವುದು ಸಣ್ಣ ಲಾಭವಲ್ಲ.

ಇನ್ನು ದಿನದ ಧಾರಾವಾಹಿ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಬಹಳ ಮನೆಗಳನ್ನು ಸೆಳೆಯಿತು. ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿಯಾಗಿ ಉಮಾಶ್ರೀ. ಕಾಸಿಗೆ ಕಾಸು ಕೂಡಿಸಿ ಫೀಸು ಕಟ್ಟುವ ತಾಯಂದಿರಿಗೆ ಇದು ಪರದೆಯ ಕತೆ ಅನ್ನಿಸಲಿಲ್ಲ. ಎರಡನೇ ಮಗಳು ಸ್ನೇಹಾಗೆ ಜಿಲ್ಲಾಧಿಕಾರಿಯಾಗುವ ಕನಸು. ಆ ಓದಿನ ಹಟವನ್ನು ನಂಬಿ ನೋಡಿದವರಿಗೆ 2024ರಲ್ಲಿ ಆಘಾತ: ಕತೆ ಆ ಪಾತ್ರವನ್ನೇ ಸಾಯಿಸಿತು. ಕಂತು ಹೆಚ್ಚಿದಂತೆ ಕಣ್ಣೀರೇ ಬಂಡವಾಳವಾಗುವ ಹಳೆಯ ರೋಗ ಇದು. ಒಂದು ಹುಡುಗಿ ಓದಿ ಕುರ್ಚಿಯಲ್ಲಿ ಕೂತು ದಿನವೂ ಕಡತ ನೋಡುವುದೂ ಕತೆಯಾಗಬಲ್ಲದು ಎಂಬ ಧೈರ್ಯ ಬೇಕಿತ್ತು.

ಧೈರ್ಯ ಮಾಡಿದವರ ಪಾಡೇನು? ಕರಾವಳಿಯ ಏಳು ಕತೆಗಳ ‘ಏಕಂ’ ಸರಣಿಯನ್ನು ನೋಡಬೇಕು. ದೊಡ್ಡ ಒಟಿಟಿ ಸಂಸ್ಥೆಗಳಲ್ಲಿ ಜಾಗ ಸಿಗದೆ, 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿ ತಂಡ ತನ್ನದೇ ಜಾಲತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. 1986ರಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿ ಇಡೀ ದೇಶದ ಮನೆಗಳನ್ನು ಹೊಕ್ಕಿತು. ಕಲಾವಿದರೂ ಊರೂ ನಮ್ಮವೇ ಆಗಿದ್ದವು; ಮಾತೊಂದು ಬೇರೆ. ಮಾತು ಕನ್ನಡವಾದ ಕೂಡಲೇ ಬಾಗಿಲು ಕಿರಿದಾಗುವುದು ಏಕೆ ಎಂದು ನಿರ್ಮಾಪಕರ ಜೊತೆಗೆ ವೀಕ್ಷಕರೂ ಯೋಚಿಸಬೇಕು. ಕೇಳುವವರಿಲ್ಲದಿದ್ದರೆ ಮಾರುವವರೂ ಇರುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಕಷ್ಟದ ಕೆಲಸವಲ್ಲ. ವಾರಕ್ಕೊಂದನ್ನು ಒಟ್ಟಿಗೆ ನೋಡುವುದು, ಮುಗಿದ ಮೇಲೆ ಹತ್ತು ನಿಮಿಷ ಪರದೆ ಆರಿಸಿ ಮಾತಾಡುವುದು. ಯಾರನ್ನು ನೋಡಿ ನಕ್ಕೆವು? ಯಾರ ಮಾತು ಕೇಳಿಸಲೇ ಇಲ್ಲ? ನಮ್ಮ ಬೀದಿ ಇದರಲ್ಲಿ ಎಲ್ಲಿದೆ?

ಕೊನೆಯ ಪ್ರಶ್ನೆಗೆ ಉತ್ತರ ಬರೆಯಬೇಕಾದವರು ಈ ಬೀದಿಗಳ ವಿದ್ಯಾರ್ಥಿಗಳೇ. ನಾಲ್ಕು ಭಾಷೆ ಕೇಳಿ ಬೆಳೆದ ಕಿವಿ ಅವರಿಗಿದೆ. ಬೆಂಗಳೂರು ದೂರದರ್ಶನ ಕೇಂದ್ರ ಇರುವುದೂ ಜೆ.ಸಿ. ನಗರದಲ್ಲಿ, ದಂಡಿನ ರೈಲು ನಿಲ್ದಾಣದಿಂದ ಬಹಳ ದೂರವಿಲ್ಲದ ಕಡೆ. ಟಿ.ವಿ. ದಂಡಿಗೆ ಬಂದು ದಶಕಗಳಾದವು, ದಂಡು ಟಿ.ವಿ.ಯೊಳಕ್ಕೆ ಹೋಗುವುದು ಬಾಕಿ ಇದೆ.