ಬೈಕ್ ಯಾತ್ರೆಯಲ್ಲಿ ಕಾಳು ಕೂಡಿಸ್ತೀರಾ? ಮೊದಲು ಚೀಲ ಬಿಚ್ಚಿ ನೋಡಿ

ನರಗುಂದ, ರೋಣ, ಗಜೇಂದ್ರಗಡ ಭಾಗದ ಹುಡುಗರಿಗೆ ಬೈಕ್ ರ‍್ಯಾಲಿ ಹೊಸದೇನಲ್ಲ. ಜುಲೈ 21ರ ರೈತ ಹುತಾತ್ಮ ದಿನಕ್ಕೆ, ಮಹದಾಯಿ ಹೋರಾಟಕ್ಕೆ, ಜಾತ್ರೆಗೆ, ಚುನಾವಣೆಗೆ, ಎಲ್ಲದಕ್ಕೂ ಬೈಕ್ ತೆಗೆದವರು ನಾವು. ಈ ಸಲ ಸುಗ್ಗಿ ಮುಗಿದ ಮೇಲೆ ಗೆಳೆಯರು ಊರೂರು ತಿರುಗಿ ಕಾಳುಕಡಿ ಕೂಡಿಸಿ ಬಡ ಮಕ್ಕಳ ಊಟಕ್ಕೆ ಕೊಡೋಣ ಅಂದರು. ನಾನೂ ಹೋದೆ. ಇಂಥ ಯಾತ್ರೆ ಇನ್ನೂ ಹೆಚ್ಚಾಗಬೇಕು ಅನ್ನುವವನು ನಾನು. ಆದರೆ ಒಂದು ಮಾತು ಖಡಕ್ಕಾಗಿ ಹೇಳಬೇಕು: ಮಾರುಕಟ್ಟೆಗೆ ಒಯ್ಯುವ ಕಾಳನ್ನು ಎಷ್ಟು ನೋಡಿ ತುಂಬುತ್ತೇವೋ, ದಾನದ ಕಾಳನ್ನೂ ಅಷ್ಟೇ ನೋಡಿ ತುಂಬಬೇಕು.

ಕೂಡಿಸಿ ಕೊಡೋದು ನಮ್ಮ ನೆಲದ ಗುಣ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್‌ನಲ್ಲಿ ಲಕ್ಷಗಟ್ಟಲೆ ರೊಟ್ಟಿ ಹೋಗುತ್ತವೆ. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ರೊಟ್ಟಿ, ಕರಿಂಡಿ ಉಣ್ಣುತ್ತಾರೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು, ಬಡ ಮಕ್ಕಳು ಉಂಡು ಸಂಗೀತ ಕಲಿತದ್ದು ಜನ ಕೊಟ್ಟ ದಾನದ ಬಲದಿಂದಲೇ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಬೆಣ್ಣೆಹಳ್ಳ ಉಕ್ಕಿ ಕೊಣ್ಣೂರು, ಹೊಳೆಆಲೂರು ಭಾಗಕ್ಕೆ ನೀರು ನುಗ್ಗಿದಾಗ ಊರೂರಿನಿಂದ ರೊಟ್ಟಿ ಗಂಟು ಬಂದವು. ಅಂಥ ಹೊತ್ತಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ವಾರಗಟ್ಟಲೆ ಬಾಳುತ್ತವೆ. ಅನ್ನ, ಚಿತ್ರಾನ್ನದ ಪೊಟ್ಟಣ ಮಳೆಗಾಲದಲ್ಲಿ ಸಂಜೆಗೇ ಹಳಸುತ್ತವೆ. ಕೊಡುವ ಮನಸ್ಸು ಇದ್ದರಷ್ಟೇ ಸಾಲದು, ಏನು ಕೊಡಬೇಕು ಅನ್ನೋದೂ ಗೊತ್ತಿರಬೇಕು.

ನಮ್ಮ ಯಾತ್ರೆಯಲ್ಲಿ ಬಹಳ ಮನೆಯವರು ಚಲೋ ಬಿಳಿಜೋಳ, ಹೊಸ ಕಡಲೆ ಕೊಟ್ಟರು. ರೋಣದ ಕಡೆ ಒಬ್ಬ ತಾಯಿ, "ತಮ್ಮಾ, ನಾವು ಉಣ್ಣೂದನ್ನ ಕೊಟ್ಟೀನಿ, ಕೈ ಹಾಕಿ ನೋಡು" ಅಂತ ಚೀಲದ ಬಾಯಿ ತಾವೇ ಬಿಚ್ಚಿದರು. ಆದರೆ ಕೆಲವು ಚೀಲಗಳಲ್ಲಿ ಹೋದ ವರ್ಷದ ನುಸಿ ಹಿಡಿದ ಹೆಸರು ಇತ್ತು. ಒಂದು ಕಡೆ ಬಿತ್ತಿ ಉಳಿದ, ಗುಲಾಬಿ ಬಣ್ಣ ಹತ್ತಿದ ಬೀಜ ಬಂತು. "ತೊಳೆದ್ರ ಬಣ್ಣ ಹೋಗ್ತದಲ್ಲಣ್ಣಾ" ಅಂದ ನಮ್ಮ ಜೊತೆಯ ಹುಡುಗ.

ಬಣ್ಣ ಹೋಗುತ್ತದೆ, ವಿಷ ಹೋಗೋದಿಲ್ಲ. 1971-72ರಲ್ಲಿ ಇರಾಕ್‌ನಲ್ಲಿ ಬಿತ್ತನೆಗೆಂದು ಕೊಟ್ಟ, ಪಾದರಸದ ಔಷಧ ಹಚ್ಚಿದ ಗೋಧಿಯನ್ನು ಹಳ್ಳಿಯವರು ರೊಟ್ಟಿ ಮಾಡಿಕೊಂಡು ತಿಂದರು. ತೊಳೆದು ಬಣ್ಣ ಹೋದರೆ ವಿಷವೂ ಹೋಯಿತು ಅಂತ ನಂಬಿದವರು ಅವರಲ್ಲಿದ್ದರು. ಆಸ್ಪತ್ರೆಗಳಲ್ಲೇ 459 ಜನ ಸತ್ತರು. ನಮ್ಮ ದೇಶದ್ದೇ ನೋಡಿ: 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸಿಕ್ಕಿತು. ನಮ್ಮ ಹೊಲಗಳಲ್ಲಿ ಆ ಹೆಸರು ಕೇಳದವರು ಯಾರಿದ್ದಾರೆ? ಅದಕ್ಕೇ ಹೇಳ್ತೇನೆ, ಈ ಕೆಲಸದಲ್ಲಿ ರೈತರ ಮಕ್ಕಳ ಜವಾಬ್ದಾರಿ ಉಳಿದವರಿಗಿಂತ ದೊಡ್ಡದು. ಯಾವ ಚೀಲದಲ್ಲಿ ಏನಿತ್ತು ಅಂತ ಊಟ ಹಾಕುವ ಸಂಸ್ಥೆಯವರಿಗೆ ಗೊತ್ತಾಗೋದಿಲ್ಲ. ನಮಗೆ ಗೊತ್ತಾಗುತ್ತದೆ.

ಚೀಲ ತಗೊಳ್ಳುವ ಮುಂಚೆ

1. ಬಣ್ಣ ಹತ್ತಿದ ಬೀಜ, ಪುಡಿ ಬೆರೆಸಿದ ಕಾಳು, ನುಸಿಗೆಂದು ಗುಳಿಗೆ ಇಟ್ಟ ಚೀಲ ಬೇಡವೇ ಬೇಡ. "ಇದಕ್ಕೆ ಏನಾದರೂ ಹಾಕೀರೇನ್ರಿ?" ಅಂತ ಕೇಳಲು ನಾಚಬೇಡಿ.

2. ಯೂರಿಯಾ ಚೀಲ, ಔಷಧದ ಡಬ್ಬಿ ಎಷ್ಟೇ ತೊಳೆದಿದ್ದರೂ ಕಾಳು, ಎಣ್ಣೆ ತುಂಬಲು ಬಳಸಬೇಡಿ. ಹೊಸ ಚೀಲ ನೀವೇ ಒಯ್ಯಿರಿ.

3. ಒಂದು ಕಾಳು ಹಲ್ಲಿಗೆ ಹಾಕಿ ಕಡಿಯಿರಿ. ಕಟ್ ಅನ್ನಬೇಕು. ಮೆತ್ತಗಿದ್ದರೆ ಹಸಿ ಇದೆ ಅಂತ ಅರ್ಥ. ಜೋಳದ ತೇವಾಂಶ ಶೇ 12ರೊಳಗೆ, ಕಡಲೆ, ಹೆಸರಿನದು ಶೇ 10ರೊಳಗೆ ಇದ್ದರೆ ಬಾಳಿಕೆ ಬರುತ್ತದೆ. ಒಂದು ಹಸಿ ಚೀಲ ಪಕ್ಕದ ಚೀಲಗಳನ್ನೂ ಕೆಡಿಸುತ್ತದೆ.

4. ಬೂಸ್ಟು ಹಿಡಿದ ಶೇಂಗಾ, ಗೋವಿನಜೋಳ ವಾಪಸ್ ಮಾಡಿ. ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗೋದಿಲ್ಲ.

5. ಯಾರಿಗೆ ಕೊಡ್ತೀರೋ ಅವರಿಗೆ ಮೊದಲೇ ಫೋನ್ ಮಾಡಿ. ಜೋಳ ಸಾಕಷ್ಟಿದ್ದು ಬೇಳೆ ಇಲ್ಲದಿರಬಹುದು. ಇಡಲು ಜಾಗ ಇದೆಯೋ ಇಲ್ಲವೋ ಅದನ್ನೂ ಕೇಳಿ.

ಯಾತ್ರೆಗೆ ಕಾಲವೂ ಮುಖ್ಯ. ಕಡಲೆ, ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ, ಮಾರ್ಚ್ ಸುಮಾರಿಗೆ ಹೊರಟರೆ ಒಣಗಿದ ಹೊಸ ಕಾಳು ಸಿಗುತ್ತದೆ. ಹೆಸರು ಬರುವ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮಳೆಗೆ ಕಾಳೂ ಹಸಿ, ಎರಿ ಹೊಲದ ದಾರಿಯಲ್ಲಿ ಬೈಕ್ ಗಾಲಿಯೂ ತಿರುಗೋದಿಲ್ಲ.

"ಇಷ್ಟೆಲ್ಲ ಯಾಕ್ರಿ? ಪೆಟ್ರೋಲ್ ರೊಕ್ಕಾನೇ ಕೊಟ್ಟರಾಯ್ತಲ್ಲ" ಅನ್ನುವವರಿದ್ದಾರೆ. ಅವರ ಮಾತಲ್ಲೂ ಹುರುಳಿದೆ. ಲೆಕ್ಕ ಹಾಕಿ: 20 ಬೈಕ್ ತಲಾ 100 ಕಿ.ಮೀ. ಓಡಿದರೆ, ಲೀಟರಿಗೆ 50 ಕಿ.ಮೀ.ನಂತೆ 40 ಲೀಟರ್ ಪೆಟ್ರೋಲ್, ಹತ್ತಿರ ಹತ್ತಿರ 4,000 ರೂಪಾಯಿ. 2025-26ರಲ್ಲಿ ಒಂದು ಕ್ವಿಂಟಲ್ ಮಾಲ್ದಂಡಿ ಜೋಳದ ಬೆಂಬಲ ಬೆಲೆ 3,749 ರೂಪಾಯಿ. ಅಂದರೆ ಕ್ವಿಂಟಲ್ ಜೋಳದಷ್ಟು ರೊಕ್ಕ ಹೊಗೆಯಾಗಿ ಹೋಯಿತು. ಒಂದೆರಡು ಕ್ವಿಂಟಲ್ ಕೂಡಿಸಿ, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಬಂದರೆ ಅದು ಮೆರವಣಿಗೆಯೇ ಸೈ.

ಆದರೂ ಯಾತ್ರೆ ಬೇಕು ಅಂತೀನಿ. ನಮ್ಮ ಹಳ್ಳಿಗಳಲ್ಲಿ ಕೈಯಲ್ಲಿ ನೂರು ರೂಪಾಯಿ ಇಲ್ಲದ ಮನೆಯಲ್ಲೂ ಒಂದು ಸೇರು ಜೋಳ ಇರುತ್ತದೆ. ಫೋನ್‌ಪೇ ಕ್ಯೂಆರ್ ಕೋಡ್ ಕಳಿಸಿದರೆ ಆ ಮನೆ ಲೆಕ್ಕಕ್ಕೇ ಬರೋದಿಲ್ಲ. ಬಾಗಿಲಿಗೆ ಹೋದರೆ ಅವರೂ ಕೊಟ್ಟವರಾಗುತ್ತಾರೆ. ಖರ್ಚು ಕಡಿಮೆ ಮಾಡಲು ದಾರಿ ಇದೆ. ಒಂದು ಟ್ರ್ಯಾಕ್ಟರ್ ಇಲ್ಲವೇ ಟಾಟಾ ಏಸ್ ಅಗಸಿ ಮುಂದೆ ನಿಲ್ಲಲಿ. ಆಯಾ ಊರಿನ ನಾಲ್ಕೈದು ಬೈಕ್ ಮಾತ್ರ ಓಣಿ ತಿರುಗಲಿ. ಮುಂದಿನ ಊರಿಗೆ ಆ ಊರಿನ ಹುಡುಗರು. ಹಿಂದಿನ ದಿನ ವಾಟ್ಸಾಪ್ ಗ್ರೂಪಿಗೆ ಏನು ಬೇಕು, ಏನು ಬೇಡ ಅನ್ನೋ ಪಟ್ಟಿ ಹಾಕಿ. ಸಂಜೆ ಯಾವ ಊರಿಂದ ಎಷ್ಟು ಕಿಲೋ ಬಂತು, ಎಲ್ಲಿಗೆ ಹೋಯಿತು ಅಂತ ಲೆಕ್ಕ ಹಾಕಿ. ಉಣ್ಣುವ ಮಕ್ಕಳ ಮುಖದ ರೀಲ್ಸ್ ಮಾತ್ರ ಬೇಡ. ತೂಕದ ಚೀಟಿಯ ಫೋಟೊ ಸಾಕು.

ಹಿಂದೆ ಕಣದಲ್ಲಿ ರಾಶಿ ಮಾಡಿದಾಗ, ಮನೆಗೆ ಒಯ್ಯುವ ಮುಂಚೆಯೇ ಆಯಗಾರರಿಗೆ, ಬೇಡಿ ಬಂದವರಿಗೆ ಅಳೆದು ಕೊಡುತ್ತಿದ್ದರು. ಅಂದರೆ ಕೊಡುವ ಪಾಲು ಹೊಸ ರಾಶಿಯದೇ ಆಗಿರುತ್ತಿತ್ತು. ಈಗ ಮಷಿನ್ ರಾಶಿ ಬಂದಿದೆ, ಕಾಳು ಹೊಲದಿಂದಲೇ ಮಾರುಕಟ್ಟೆಗೆ ಹೋಗುತ್ತದೆ, ಕೊಡಲು ಮೂಲೆಯಲ್ಲಿ ಉಳಿದದ್ದೇ ಗತಿ. ಮುಂದಿನ ಹಿಂಗಾರಿಗೆ ಇದನ್ನು ತಿರುಗಿಸೋಣ. ಮಷಿನ್ ಬಂದ ದಿನವೇ ಒಂದು ಹೊಸ ಚೀಲಕ್ಕೆ ನಿಮ್ಮ ಪಾಲು ತುಂಬಿ, ಎರಡು ಬಿಸಿಲು ಒಣಗಿಸಿ, ಬಾಯಿ ಹೊಲಿದು ಇಡಿ. ಬೈಕ್ ಹುಡುಗರು ಬಂದಾಗ ಹುಡುಕುವ ಕೆಲಸವೇ ಇರೋದಿಲ್ಲ.