ಮೊಳಕೆಯ ಚಿತ್ರಗಳು

ಸಿಂಧನೂರು ತಾಲ್ಲೂಕಿನ ದಢೇಸುಗೂರು ತುಂಗಭದ್ರೆಯ ದಡದ ಊರು. ಭತ್ತವೇ ಆ ಸೀಮೆಯ ಜೀವಾಳ. ಅಲ್ಲೊಂದು ಕೃಷಿ ಸಂಶೋಧನಾ ಕೇಂದ್ರವಿದೆ. ಇಂತಹ ಕೇಂದ್ರಗಳಲ್ಲಿ ಹೊಸ ತಳಿಯೊಂದು ಹುಟ್ಟಿದೊಡನೆಯೇ ಅದನ್ನು ರೈತನ ಕೈಗೆ ಒಪ್ಪಿಸುವುದಿಲ್ಲ. ಹಳೆಯ ತಳಿಯ ಪಕ್ಕದಲ್ಲಿಯೇ ಅದನ್ನು ಸಣ್ಣ ಮಡಿಗಳಲ್ಲಿ ಬೆಳೆಸಿ, ಹಲವು ಹಂಗಾಮುಗಳಲ್ಲಿ ಪರೀಕ್ಷಿಸಿ, ರೋಗಕ್ಕೂ ಕೀಟಕ್ಕೂ ಅದು ಎಷ್ಟು ತಾಳಬಲ್ಲುದೆಂಬುದನ್ನು ಕಂಡುಕೊಂಡ ಬಳಿಕವೇ ಬಿಡುಗಡೆ ಮಾಡುತ್ತಾರೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ರೈತನೂ ಬಲ್ಲ, ವಿಜ್ಞಾನಿಯೂ ಬಲ್ಲ. ಆದರೆ ಮೊಳಕೆಯನ್ನು ನೋಡಿ ಕಣಜದ ಲೆಕ್ಕ ಬರೆಯುವ ಆತುರ ಅವರಿಬ್ಬರಿಗೂ ಇಲ್ಲ.

ಈ ತಾಳ್ಮೆ ಬೇಕಾದ ಇನ್ನೊಂದು ಕ್ಷೇತ್ರವುಂಟು. ಅದು ಉದಯೋನ್ಮುಖ ಆಟಗಾರರ ಚಿತ್ರಗಳನ್ನು ಸಂಗ್ರಹಿಸುವ ಹವ್ಯಾಸ. ಕರ್ನಾಟಕದ ಬಾಲಕರು ಬಹುಕಾಲದಿಂದ ಪತ್ರಿಕೆಗಳಲ್ಲಿ ಬಂದ ಬೌಲರುಗಳ ಚಿತ್ರಗಳನ್ನು ಕತ್ತರಿಸಿ ಹಳೆಯ ನೋಟುಪುಸ್ತಕಗಳಲ್ಲಿ ಅಂಟಿಸುತ್ತ ಬಂದಿದ್ದಾರೆ. 1980ರ ದಶಕದಲ್ಲಿ ಬಬಲ್‌ಗಮ್ ಪೊಟ್ಟಣದೊಡನೆ ಕ್ರಿಕೆಟ್ ಆಟಗಾರರ ಚಿತ್ರಗಳೂ ದೊರೆಯತೊಡಗಿದವು. ಅಮೆರಿಕದಲ್ಲಿ ಈ ಪದ್ಧತಿ ಇನ್ನೂ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಅಲ್ಲಿನ ತಂಬಾಕು ವ್ಯಾಪಾರಿಗಳು ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳನ್ನು ಪೊಟ್ಟಣಗಳಲ್ಲಿ ಇರಿಸುತ್ತಿದ್ದರು. ಕ್ರಿಕೆಟಿನಲ್ಲಿ ಬೌಲರ್ ಹೇಗೋ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವ ಪಿಚರ್ ಹಾಗೆ. ಇನ್ನೂ ದೊಡ್ಡ ಪಂದ್ಯವನ್ನೇ ಆಡದ ಎಳೆಯ ಪಿಚರುಗಳ ಕಾರ್ಡುಗಳನ್ನು ಹಣ ತೆತ್ತು ಕೊಂಡು, ಅವರು ಹೆಸರಾಂತರಾಗುವುದನ್ನೇ ಕಾಯುವವರು ಅಲ್ಲಿ ಅನೇಕರಿದ್ದಾರೆ.

ಈ ಹವ್ಯಾಸದ ವಿಷಯದಲ್ಲಿ ಎರಡು ಅಭಿಪ್ರಾಯಗಳುಂಟು. ಕಾಗದದ ಚೂರುಗಳಿಗಾಗಿ ಕಾಲವನ್ನೂ ಹಣವನ್ನೂ ಕಳೆಯುವುದು ವ್ಯರ್ಥವೆಂದು ಕೆಲವು ಹಿರಿಯರು ಹೇಳುತ್ತಾರೆ. ಇಂದು ಅಗ್ಗವಾಗಿ ಕೊಂಡದ್ದು ನಾಳೆ ಚಿನ್ನವಾಗುವುದು, ಆದುದರಿಂದ ಇದೂ ಒಂದು ಬಂಡವಾಳವೆಂದು ಮತ್ತೆ ಕೆಲವರು ವಾದಿಸುತ್ತಾರೆ. ಎರಡರಲ್ಲಿಯೂ ಪೂರ್ಣ ಸತ್ಯವಿಲ್ಲ. ಮೊದಲಿನವರು ಸಂಗ್ರಹದ ಆನಂದವನ್ನು ಅರಿಯರು. ಎರಡನೆಯವರು ಮನುಷ್ಯನ ಬೆಳವಣಿಗೆಯ ರೀತಿಯನ್ನು ಅರಿಯರು.

ಬ್ರಯನ್ ಟೇಲರ್ ಎಂಬ ಅಮೆರಿಕದ ತರುಣನ ಕಥೆಯನ್ನು ನೋಡಬಹುದು. 1991ರಲ್ಲಿ, ಪ್ರೌಢಶಾಲೆಯಿಂದ ಆಗತಾನೆ ಹೊರಬಂದಿದ್ದ ಆತನನ್ನು ನ್ಯೂಯಾರ್ಕ್ ಯಾಂಕೀಸ್ ತಂಡವು ದೇಶದ ಎಳೆಯ ಆಟಗಾರರಲ್ಲೆಲ್ಲ ಮೊದಲಿಗನಾಗಿ ಆರಿಸಿ, 15 ಲಕ್ಷ 50 ಸಾವಿರ ಡಾಲರುಗಳನ್ನು ನೀಡಿತು. ಮರುವರ್ಷವೇ ಆತನ ಚಿತ್ರದ ಕಾರ್ಡು ಮಾರುಕಟ್ಟೆಗೆ ಬಂದಿತು. ಆದರೆ 1993ರ ಡಿಸೆಂಬರಿನಲ್ಲಿ ನಡೆದ ಒಂದು ಹೊಡೆದಾಟದಲ್ಲಿ ಆತನ ಎಸೆಯುವ ತೋಳಿನ ಭುಜಕ್ಕೆ ತೀವ್ರವಾದ ಪೆಟ್ಟು ಬಿದ್ದಿತು. ಅತ್ಯುನ್ನತ ಮಟ್ಟದ ಒಂದು ಪಂದ್ಯವನ್ನೂ ಆತ ಆಡಲಿಲ್ಲ.

ಭಾರತದಲ್ಲಿಯೂ ಇಂತಹ ನಿದರ್ಶನಗಳಿಗೆ ಕೊರತೆಯಿಲ್ಲ. 1988ರ ಜನವರಿಯಲ್ಲಿ ನರೇಂದ್ರ ಹಿರ್ವಾನಿಯವರು ಮದರಾಸಿನಲ್ಲಿ ತಮ್ಮ ಪ್ರಥಮ ಟೆಸ್ಟ್ ಪಂದ್ಯದಲ್ಲಿಯೇ ವೆಸ್ಟ್ ಇಂಡೀಸ್ ವಿರುದ್ಧ 136 ಓಟಗಳಿಗೆ 16 ವಿಕೆಟುಗಳನ್ನು ಗಳಿಸಿದರು. ಅಂದು ಅವರ ಚಿತ್ರವನ್ನು ಅಂಟಿಸಿಕೊಳ್ಳದ ಬಾಲಕನಾರು? ಆದರೆ ಅವರಿಗೆ ಒಟ್ಟು ದೊರೆತದ್ದು 17 ಟೆಸ್ಟ್ ಪಂದ್ಯಗಳು ಮಾತ್ರ. ಇದಕ್ಕೆ ವಿರುದ್ಧವಾದುದು ಬೆಂಗಳೂರಿನ ಅನಿಲ್ ಕುಂಬ್ಳೆಯವರ ಕಥೆ. 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದ ಅವರಿಗೆ ಮತ್ತೆ ಟೆಸ್ಟ್ ತಂಡದಲ್ಲಿ ಆಡುವ ಅವಕಾಶ ಒದಗಿದ್ದು ಎರಡು ವರ್ಷಗಳ ಬಳಿಕ. 2008ರಲ್ಲಿ ನಿವೃತ್ತರಾಗುವಾಗ ಅವರ ಟೆಸ್ಟ್ ವಿಕೆಟುಗಳ ಸಂಖ್ಯೆ 619. ಬಿ. ಎಸ್. ಚಂದ್ರಶೇಖರ್ ಅವರ ಬಲಗೈಯಂತೂ ಬಾಲ್ಯದಲ್ಲಿಯೇ ಪೋಲಿಯೋ ರೋಗದಿಂದ ಸೊರಗಿತ್ತು. ಆ ಸೊರಗಿದ ಕೈಯೇ 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟುಗಳನ್ನು ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ವಿಜಯದ ದಾರಿಯನ್ನು ತೆರೆಯಿತು. ಬಾಲಕ ಚಂದ್ರಶೇಖರ್ ಅವರ ಕೈಯನ್ನು ಕಂಡು ಅವರ ಚಿತ್ರಕ್ಕೆ ಹಣ ಹೂಡುವ ವ್ಯಾಪಾರಿ ಯಾರಿದ್ದಾನು?

ಬೌಲರನ ಬಾಳು ಭುಜ, ಮೊಣಕಾಲು, ಸೊಂಟಗಳನ್ನು ಅವಲಂಬಿಸಿದೆ. ಆಯ್ಕೆಗಾರರ ಒಲವನ್ನೂ ಅದೃಷ್ಟವನ್ನೂ ಅವಲಂಬಿಸಿದೆ. ಇವಾವುವೂ ಚಿತ್ರದಲ್ಲಿ ಕಾಣುವುದಿಲ್ಲ. ಆದುದರಿಂದ ಬೆಲೆಯನ್ನೇ ನೆಚ್ಚಿ ಸಂಗ್ರಹಿಸುವವನು ಜೂಜಿನ ಹೊಸ್ತಿಲಲ್ಲಿ ನಿಲ್ಲುತ್ತಾನೆ. ಒಳಗೇನಿದೆಯೆಂದು ತಿಳಿಯದ ಮುಚ್ಚಿದ ಪೊಟ್ಟಣಗಳನ್ನು ಒಂದರ ಮೇಲೊಂದು ಕೊಳ್ಳುವ ಬಾಲಕನ ಸ್ಥಿತಿಯೂ ಅಷ್ಟೆ. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದುಂಟು. ಯುವಕನೊಬ್ಬನ ಗಾಯದ ಸುದ್ದಿಯನ್ನು ಕೇಳಿದೊಡನೆ ಅವನ ನೋವನ್ನು ನೆನೆಯದೆ ತನ್ನ ಕಾರ್ಡಿನ ಬೆಲೆ ಇಳಿಯಿತೆಂದು ಮರುಗುವ ಮನಸ್ಸು ಕ್ರೀಡಾಭಿಮಾನಿಯ ಮನಸ್ಸಲ್ಲ.

ಹಾಗಾದರೆ ಈ ಹವ್ಯಾಸ ತ್ಯಾಜ್ಯವೇ? ಖಂಡಿತ ಅಲ್ಲ. ಚಿತ್ರದ ಹಿಂದೆ ದಿನಾಂಕವನ್ನು ಬರೆದು, ಎಸೆತದ ಬಗೆಯನ್ನು ಗುರುತಿಸಿ, ವರ್ಷವರ್ಷವೂ ವಿಕೆಟುಗಳ ಲೆಕ್ಕವನ್ನು ಸೇರಿಸುತ್ತ ಹೋಗುವ ವಿದ್ಯಾರ್ಥಿಗೆ ಅದು ಗಣಿತವನ್ನೂ ಇತಿಹಾಸವನ್ನೂ ಕಲಿಸುತ್ತದೆ. ಗೆಳೆಯರೊಡನೆ ವಿನಿಮಯ ಮಾಡಿಕೊಂಡರೆ ಸ್ನೇಹ ಬೆಳೆಯುತ್ತದೆ, ವೆಚ್ಚ ತಗ್ಗುತ್ತದೆ. ಆದರೆ ಒಂದು ನಿಯಮವನ್ನು ಅವನು ಪಾಲಿಸಬೇಕು: ಹೆಸರಾಗದೆ ಉಳಿದವರ ಚಿತ್ರಗಳನ್ನು ಕಿತ್ತೆಸೆಯಬಾರದು. ಗೆದ್ದವರ ಚಿತ್ರಗಳಷ್ಟೇ ಇರುವ ಸಂಗ್ರಹವು ಫಲಿತಾಂಶದ ಪಟ್ಟಿ. ಬಾಡಿದ ಮೊಳಕೆಗಳ ಚಿತ್ರವೂ ಉಳಿದಿರುವ ಸಂಗ್ರಹವೇ ಆಟದ ನಿಜವಾದ ಚರಿತ್ರೆ.

ದಢೇಸುಗೂರಿನ ಬಯಲಿನಲ್ಲಿ ನಾಟಿಯಾದ ಸಸಿಗಳೆಲ್ಲ ಒಂದೇ ಸಮನಾಗಿ ತೆನೆ ಬಿಡುವುದಿಲ್ಲ. ಹಾಗೆಂದು ರೈತನು ಒಂದು ಸಾಲಿಗೆ ನೀರು ಹಾಯಿಸಿ ಇನ್ನೊಂದನ್ನು ಒಣಗಿಸುವುದಿಲ್ಲ. ಎಳೆಯ ಪ್ರತಿಭೆಗಳ ಚಿತ್ರಗಳನ್ನು ಕೂಡಿಡುವವರು ಅವನಿಂದ ಕಲಿಯಬೇಕಾದ ಪಾಠ ಇದೇ: ಮೊಳಕೆಯನ್ನು ಪ್ರೀತಿಸಬೇಕು, ಬೆಳೆಯನ್ನು ಕಾಯಬೇಕು, ಕಣಜದ ಮಾತನ್ನು ಸುಗ್ಗಿಗೆ ಬಿಡಬೇಕು.