ಬ್ಯಾನಿ ಕೀಲಿನಾಗಷ್ಟೇ ಇರಂಗಿಲ್ಲ



ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡಿ ಐವತ್ತು ದಾಟಿದ ಹೆಣ್ಮಕ್ಕಳಿಗಿ "ಆರಾಮ ಇದ್ದೀರೇನ್ರಿ" ಅಂತ ಕೇಳಿದ್ರ ಮೊದಲು ಬರೋ ಮಾತು ಟೊಂಕ, ಇಲ್ಲಾ ಮೊಣಕಾಲು. ತೊಗರಿ ಕೊಯ್ಯೋದು, ಹತ್ತಿ ಬಿಡಿಸೋದು, ಕಬ್ಬಿನ ಹೊಲದಾಗ ಕಳಿ ತೆಗಿಯೋದು ಮಾಡಿ ಮನಿಗಿ ಬಂದ್ರ ಮತ್ತ ಒಲಿ ಮುಂದ ಕುಂತು ರೊಟ್ಟಿ ಬಡಿಯೋದು. ಬ್ಯಾನಿ ಬರಲಾರ್ದ ಹೆಂಗ ಇರ್ತದ?

ಗುಳಿಗಿ ನುಂಗ್ತೀವಿ, ಸೂಜಿ ಮಾಡಸ್ಕೋತೀವಿ. ಅದಕ್ಕೂ ಕಡಿಮಿ ಆಗಲಿಲ್ಲಂದ್ರ ಡಾಕ್ಟರು ಫಿಜಿಯೋಥೆರಪಿ ಬರದು ಕೊಡ್ತಾರ. ನಾಕು ದಿನ ಹೋಗಿ ಬಿಟ್ಟುಬಿಡ್ತೀವಿ. "ಬರೇ ಕೈಕಾಲು ಎತ್ತಸ್ತಾರ, ಅದಕ್ಕ್ಯಾಕ ರೊಕ್ಕ" ಅಂತೀವಿ. ನನ್ನ ಮಾತು ಇಷ್ಟೇ: ಆ ವ್ಯಾಯಾಮ ಹತ್ತಬೇಕಂದ್ರ ಕೀಲಿನ ಸಂಗಡ ಮನಸ್ಸು ಕೂಡಬೇಕು, ಮನಿ ಮಂದೀನೂ ಕೂಡಬೇಕು.

ಮೊದಲು ಅಂಜಿಕಿ ನೋಡ್ರಿ. ನೋಯ್ತದಂತ ನಡಿಯೋದು ಬಿಟ್ರ ತೊಡಿ ಸ್ನಾಯು ಸೊರಗ್ತದ. ತೊಡ್ಯಾಗ ಕಸುವು ಇಲ್ಲಂದ್ರ ಭಾರ ಕೀಲಿನ ಮ್ಯಾಲ ಬೀಳ್ತದ. ಬ್ಯಾನಿ ಹೆಚ್ಚಾಗ್ತದ, ಅಂಜಿಕಿ ಇನ್ನೂ ಹೆಚ್ಚಾಗ್ತದ. ಭುಜ ಹಿಡಿಯೋದೂ ಹಂಗೇ. ಸಕ್ಕರಿ ಬ್ಯಾನಿ ಇದ್ದೋರಿಗಿ ಅದು ಹೆಚ್ಚು, ಪೂರಾ ಬಿಡ್ಲಿಕ್ಕ ವರ್ಷ, ಎರಡು ವರ್ಷಾನೂ ಹಿಡೀತದ. ನಾಕು ದಿನಕ್ಕ ಏನಾದೀತು? ಲಕ್ವಾ ಹೊಡದೋರೊಳಗ ಸುಮಾರು ಮೂವರೊಳಗ ಒಬ್ಬರಿಗಿ ಮನಸ್ಸು ಕುಗ್ಗೋ ಜಡ್ಡೂ ಬರ್ತದ. ಅವರು ಕೈ ಎತ್ತಲಿಲ್ಲಂದ್ರ ಮನಿ ಮಂದಿ "ಆಲಸಿ" ಅಂತಾರ. ಆ ಒಂದು ಮಾತು ಹತ್ತು ದಿನದ ವ್ಯಾಯಾಮ ಹಾಳು ಮಾಡ್ತದ.

"ಮನಸ್ಸಿಗೂ ಸಂಬಂಧ ಅದ" ಅಂದ ಕೂಡ್ಲೆ "ಹಂಗಾದ್ರ ಸೋಗು ಬಿಡು" ಅನ್ನೋರು ಭಾಳ ಮಂದಿ. ಅದು ತಪ್ಪು. ಬ್ಯಾನಿ ಬಗ್ಗೆ ಅಭ್ಯಾಸ ಮಾಡೋ ಅಂತರರಾಷ್ಟ್ರೀಯ ಸಂಘದವರು 2020ರಾಗ ತಮ್ಮ ವ್ಯಾಖ್ಯಾನ ತಿದ್ದಿ ಬರದಾಗೂ ಬ್ಯಾನಿ ಅಂದ್ರ ದೇಹದ್ದೂ ಭಾವನೆದ್ದೂ ಅನುಭವ ಅಂತಾನೇ ಇಟ್ಟಾರ; ನೋವು ಅಂದೋರ ಮಾತಿಗಿ ಮರ್ಯಾದಿ ಕೊಡಬೇಕು ಅಂತಾನೂ ಹೇಳ್ಯಾರ. ನಿದ್ದಿ ಕೆಟ್ರ, ಚಿಂತಿ ಹತ್ತಿದ್ರ ಅದೇ ಟೊಂಕ ಇನ್ನೂ ಜಾಸ್ತಿ ನೋಯ್ತದ. ನೋವು ಖರೇನೇ.

ಅದಕ್ಕ ಒಳ್ಳೆ ಫಿಜಿಯೋದವರು ಕಾಲು ಮುಟ್ಟಿ ನೋಡೋದಷ್ಟೇ ಮಾಡಬಾರ್ದು. "ನಿದ್ದಿ ಹತ್ತತದೇನ್ರಿ? ಯಾವುದಕ್ಕ ಅಂಜಿಕಿ ಬರ್ತದ? ಮನ್ಯಾಗ ಕೆಲಸ ಯಾರು ಮಾಡ್ತಾರ?" ಅಂತ ಕೇಳಬೇಕು. ಕೇಳಲಿಲ್ಲಂದ್ರ ನಾವೇ ಹೇಳಬೇಕು. ಮೊಣಕಾಲಿಗಿ ಅವರು ಹೇಳಿಕೊಡೋ ಸಾದಾ ವ್ಯಾಯಾಮ ಒಂದದ: ಕಾಲು ಚಾಚಿ ಕುಂತು, ಮೊಣಕಾಲ ಕೆಳಗ ಟವೆಲ್ ಸುತ್ತಿಟ್ಟು, ಅದನ್ನ ಕೆಳಗ ಒತ್ತಿ ಐದು ಎಣಿಸಿ ಬಿಡೋದು. ಉಸಿರು ಬಿಗಿ ಹಿಡಿಬಾರ್ದು. ಉಸಿರು ಸಾವಕಾಶ ಬಿಟ್ಟಂಗ ಮೈಯೂ ಸಡಲ ಆಗ್ತದ. ಅವರನ್ನ ಕೇಳೇ ಚಾಲೂ ಮಾಡ್ರಿ.

ನಮ್ಮ ಕಡಿ ಮನಸ್ಸಿನ ತ್ರಾಸ ಅಂದ್ರ ಗಾಣಗಾಪುರದ ದತ್ತನ ಗುಡಿಗಿ ಹೋಗ್ತಾರ, ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕ ಹೋಗ್ತಾರ. ಹೋಗ್ರಿ, ಬ್ಯಾಡ ಅನ್ನಾಕಿ ನಾ ಅಲ್ಲ. ಆದ್ರ ಡಾಕ್ಟರ ದಾರಿ ಬಿಡಬ್ಯಾಡ್ರಿ. 2022ರಿಂದ ಸರ್ಕಾರದ ಟೆಲಿ ಮಾನಸ್ ಅದ, ನಂಬರ್ 14416. ಹಗಲು ರಾತ್ರಿ ಯಾವಾಗಾದ್ರೂ ಫೋನ್ ಮಾಡಿ ಕನ್ನಡದಾಗೇ ಮಾತಾಡಬಹುದು, ರೊಕ್ಕ ಬೀಳಂಗಿಲ್ಲ.

ಕಲಬುರಗಿಗಿ ಹೋಗ್ಲಿಕ್ಕೂ 2023ರ ಜೂನ್‌ದಿಂದ ನಮಗ ಬಸ್ಸಿನ ಚಾರ್ಜ್ ಇಲ್ಲ. ಟಿಕೇಟಿನ ರೊಕ್ಕ ಉಳೀತು ಖರೆ, ವ್ಯಾಳ್ಯಾ ಯಾರು ಕೊಡ್ತಾರ? ದೊಡ್ಡ ಪ್ರಶ್ನಿ ಇದೇ. ಸೊಸಿ ಬಾಗಲಾ ಮುಂದ ಮಾಡಿ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಿದ್ರ ಅತ್ತಿ ಅನ್ನೋದು, ಅತ್ತಿ ಮಾಡಿದ್ರ ಸೊಸಿ ನಗೋದು, ಇದು ನಿಲ್ಲಬೇಕು. ಆ ಇಪ್ಪತ್ತು ನಿಮಿಷ ಗಂಡಸರು ಒಲಿ ಮ್ಯಾಲಿನ ಹಾಲು ನೋಡ್ಲಿ. ಗುಳಿಗಿಗಿ ರೊಕ್ಕ ಕೊಡೋ ಮನಿ, ವ್ಯಾಳ್ಯಾನೂ ಕೊಡಬೇಕು. ನಿಮ್ಮ ಮನ್ಯಾಗ ಯಾರಿಗಿ ವ್ಯಾಯಾಮ ಹೇಳ್ಯಾರೋ, ಅವರ ಸಂಗಡ ಇವತ್ತೇ ಕುಂತು ಒಂದು ಹೊತ್ತು ಗೊತ್ತು ಮಾಡ್ರಿ.